ಮಾತೇರಾದ ಗುಹೆಮನೆಗಳಲ್ಲಿ ಎರಡು ದಿನ

ನಮ್ಮ ವುಡ್‌ಬ್ರಿಡ್ಜ್‌ನಲ್ಲಿ ಹಿತ್ತಲಲ್ಲಿ ಟೊಮೇಟೊ, ದ್ರಾಕ್ಷಿ ಬಳ್ಳಿ ಕಂಡರೆ ಅದು ಇಟಲಿಯವರ ಮನೆ ಅಂತಲೇ ಲೆಕ್ಕ. ಅವರಲ್ಲಿ ಅನೇಕರ ಹಿರಿಯರು ದಕ್ಷಿಣ ಇಟಲಿಯ ಬಡತನ ಬಿಟ್ಟು ಬಂದವರು. ಆ ಬಡತನ ಹೇಗಿತ್ತು ಅಂತ ತಿಳಿಯೋಕೆ ಮಾತೇರಾ ನೋಡಬೇಕು. ಈ ಸಲ ಎರಡು ದಿನದ ಮಟ್ಟಿಗೆ ಹೋಗಿಬಂದೆವು.

ಬಾರಿ ಪಟ್ಟಣದಿಂದ ಸುಮಾರು 65 ಕಿ.ಮೀ. ಕಣಿವೆಯಂಚಿನ ಮೆದು ಸುಣ್ಣಕಲ್ಲನ್ನು ಕೊರೆದು ಮಾಡಿದ ಮನೆಗಳ ರಾಶಿ. ಹೆಸರು 'ಸಾಸ್ಸಿ', ಅಂದ್ರೆ ಕಲ್ಲುಗಳು. ನಮ್ಮ ಬಾದಾಮಿಯ ಗುಹೆಗಳಲ್ಲಿ ದೇವರಿದ್ದಾನೆ, ಇಲ್ಲಿ ದೇವರ ಜೊತೆ ಸಂಸಾರಗಳೂ ಇದ್ದವು! ವೀಕೊ ಸೊಲಿತಾರಿಯೊದ ಒಂದು ಗುಹೆಮನೆ ಈಗ ಮ್ಯೂಸಿಯಂ. ಒಳಗೆ ಎತ್ತರದ ಮಂಚ, ಮಗ್ಗ, ಅಲ್ಲೇ ಹೇಸರಗತ್ತೆ ಕಟ್ಟುವ ಜಾಗ. ಊರಿನ ಚೌಕದ ಕೆಳಗೆ ಮಳೆನೀರು ಹಿಡಿಯಲು ಕೊರೆದ ದೊಡ್ಡ ತೊಟ್ಟಿಯಿದೆ, ಪಾಲೊಂಬಾರೊ ಲುಂಗೊ. ಬಡವರಾದರೂ ದಡ್ಡರಲ್ಲ ನೋಡಿ.

ಕಾರ್ಲೊ ಲೇವಿ 1945ರ ತಮ್ಮ ಪುಸ್ತಕದಲ್ಲಿ ಇಲ್ಲಿನ ಮಲೇರಿಯಾ ಪೀಡಿತ ಮಕ್ಕಳ ಬಗ್ಗೆ ಬರೆದಮೇಲೆ ದೇಶಕ್ಕೇ ನಾಚಿಕೆಯಾಯ್ತು. 1952ರಲ್ಲಿ ಕಾನೂನು ಮಾಡಿ ಸುಮಾರು 15,000 ಜನರನ್ನು ಹೊಸ ಬಡಾವಣೆಗಳಿಗೆ ಸಾಗಿಸಿದರು. 1993ರಲ್ಲಿ ಅದೇ ಜಾಗ ಯುನೆಸ್ಕೊ ಪಟ್ಟಿ ಸೇರಿತು! ಈಗ ಗುಹೆಯೊಳಗೇ ಹೋಟೆಲ್.

ಹೋದರೆ, ಫೋಟೊ ತೆಗೆಯೋ ಮುಂಚೆ ಆ ಹೇಸರಗತ್ತೆಯ ಜಾಗದ ಪಕ್ಕ ಒಂದು ನಿಮಿಷ ನಿಲ್ಲಿ. ನಮ್ಮ ಪಕ್ಕದ ಮನೆಯ ಅಜ್ಜಂದಿರು ಯಾಕೆ ಹಡಗು ಹತ್ತಿದರು ಅಂತ ಗೊತ್ತಾಗುತ್ತೆ.