ಮಳೆ ನಿಂತ ಮೇಲೆ ಬ್ರೂಸ್

ರಾತ್ರಿ ಒಂಬತ್ತಾದರೂ ಹಾಡುವವನ ಸುಳಿವಿಲ್ಲ. ಕೇಳಲು ಬಂದವರೆಲ್ಲ ನ್ಯೂಜೆರ್ಸಿಯ ಈಸ್ಟ್ ರುದರ್‌ಫರ್ಡ್‌ನಲ್ಲಿರುವ ಮೆಟ್‌ಲೈಫ್ ಕ್ರೀಡಾಂಗಣದ ಗ್ಯಾಲರಿಗಳ ಅಡಿಯ ಕಾಂಕ್ರೀಟು ಪಡಸಾಲೆಯಲ್ಲಿ ಒತ್ತೊತ್ತಾಗಿ ನಿಂತಿದ್ದೇವೆ. ಹೊರಗೆ ಧೋ ಎಂದು ಮಳೆ. ಮಿಂಚು ಕಂಡದ್ದೇ ತಡ, ಬಯಲಲ್ಲಿ ಯಾರೂ ನಿಲ್ಲಕೂಡದೆಂದು ಸಾರಿ ಎಲ್ಲರನ್ನೂ ಒಳಕ್ಕೆ ಅಟ್ಟಿದ್ದಾರೆ. ಐವತ್ತು ಸಾವಿರಕ್ಕೂ ಮಿಕ್ಕ ಜನ. ಒದ್ದೆ ಜೀನ್ಸು, ಬಿಯರು, ಕರಿದ ಆಲೂಗೆಡ್ಡೆ, ಅಗ್ಗದ ಪ್ಲಾಸ್ಟಿಕ್ ರೇನ್‌ಕೋಟು ಎಲ್ಲ ಕಲೆತು ಒಂದೇ ವಾಸನೆಯಾಗಿದೆ. ಜಾತ್ರೆಯ ದಿನ ಮಳೆ ಬಂದು ಶಾಲೆಯ ಜಗಲಿಗೆ ಓಡಿದವರ ಹಾಗೆ, ಮುಖಪರಿಚಯ ಇಲ್ಲದವರೂ ಮಾತಿಗಿಳಿದಿದ್ದಾರೆ. 2012ರ ಸೆಪ್ಟೆಂಬರ್ 22, ಶನಿವಾರ. ಇನ್ನು ಮೂರು ತಾಸು ಕಳೆದರೆ, ನಾವು ಕಾಯುತ್ತಿರುವ ರಾಕ್ ಹಾಡುಗಾರ ಬ್ರೂಸ್ ಸ್ಪ್ರಿಂಗ್‌ಸ್ಟೀನ್‌ಗೆ 63 ತುಂಬುತ್ತದೆ.

ಕೈತೊಳೆಯಲು ಹೋಗಿದ್ದ ನನ್ನ ಹೆಂಡತಿ ನಗುತ್ತ ಬಂದಳು. "ಒಳಗೆ ಒಬ್ಬರು ರಟ್ಟು ಒಣಗಿಸ್ತಿದಾರೆ ಕಣ್ರೀ, ಕೈ ಒಣಗಿಸೋ ಮಷೀನಿನ ಕೆಳಗೆ. ಹಿಂದೆ ನಾಲ್ಕು ಜನ ಕ್ಯೂ."

ಸ್ವಲ್ಪ ಹೊತ್ತಿಗೆ ಆ ಹೆಂಗಸೇ ಹೊರಗೆ ಬಂದರು. ಅರವತ್ತರ ಆಸುಪಾಸು, ಬೆಳ್ಳಿಕೂದಲು, ಕುತ್ತಿಗೆಗೆ ಟವಲು. ಕಂಕುಳಲ್ಲಿ ಟ್ರೇ ಅಗಲದ ಒಂದು ರಟ್ಟು. ಅದರ ಒಂದು ಮೂಲೆ ಮಾತ್ರ ನೆಂದು ನೀಲಿ ಶಾಯಿ ಇಳಿದಿತ್ತು. ಉಳಿದ ಕಡೆಗೆಲ್ಲ ಅಡುಗೆಮನೆಯಲ್ಲಿ ಬಟ್ಟಲು ಮುಚ್ಚುವ ತೆಳು ಪ್ಲಾಸ್ಟಿಕ್ಕನ್ನು ಮೂರು ಸುತ್ತು ಸುತ್ತಿದ್ದರು. ಪಳಗಿದ ಕೈ. ಏನು ಬರೆದಿದೆ ಎಂದು ಕೇಳಿದರೆ ರಟ್ಟನ್ನು ಎದೆಗೆ ತಿರುಗಿಸಿಕೊಂಡರು, ದೃಷ್ಟಿ ತಾಗೀತೆಂಬಂತೆ.

ಆ ರಟ್ಟಿನಲ್ಲಿರುವುದು ಹಾಡಿನ ಹೆಸರು. ಬ್ರೂಸ್‌ನ ಕಛೇರಿಯಲ್ಲಿ ಅದೊಂದು ಪದ್ಧತಿ. ಜನ ತಮಗೆ ಬೇಕಾದ ಹಾಡನ್ನು ದಪ್ಪಕ್ಷರದಲ್ಲಿ ಬರೆದು ಎತ್ತಿ ಹಿಡಿಯುತ್ತಾರೆ. ಆತ ವೇದಿಕೆಯ ಅಂಚಿಗೆ ಬಂದು ಸಂತೆಯಲ್ಲಿ ಸೊಪ್ಪು ಆರಿಸುವವನ ಹಾಗೆ ಒಂದೊಂದನ್ನೇ ನೋಡುತ್ತಾನೆ, ಕೆಲವನ್ನು ಕಿತ್ತುಕೊಂಡು ಬರುತ್ತಾನೆ, ಒಂದನ್ನು ವಾದ್ಯದವರಿಗೆ ತೋರಿಸುತ್ತಾನೆ. ನಮ್ಮಲ್ಲಿ ಇದಕ್ಕೆ ಚೀಟಿ ಇದೆ. ರಾಮನವಮಿಯ ಕಛೇರಿಯಲ್ಲಿ ನಾಲ್ಕು ಮಡಿಕೆಯ ಕಾಗದವೊಂದು ಕೈಯಿಂದ ಕೈಗೆ ದಾಟಿ ವೇದಿಕೆ ತಲುಪುತ್ತದೆ. ವಿದ್ವಾಂಸರು ಕನ್ನಡಕದ ಮೇಲಿಂದ ಓದಿ, ಪಿಟೀಲಿನವರ ಕಡೆ ಒಂದು ನಗೆ ಬೀರಿ, ಅದನ್ನು ಶ್ರುತಿಪೆಟ್ಟಿಗೆಯ ಅಡಿಗೆ ಸೇರಿಸಿಬಿಡುತ್ತಾರೆ. ಅಲ್ಲಿಂದ ಅದು ಮೇಲೇಳುವುದು ಅಪರೂಪ. ಕಂಪನಿ ನಾಟಕದವರು ಈ ವಿಷಯದಲ್ಲಿ ಧಾರಾಳಿಗಳು. ಒನ್ಸ್ ಮೋರ್ ಎಂದು ಕೂಗಿದರೆ ಸತ್ತುಬಿದ್ದ ಪಾತ್ರವೂ ಎದ್ದು ನಿಂತು ಇನ್ನೊಂದು ಸಲ ಹಾಡಿ ಮತ್ತೆ ಸಾಯುತ್ತಿತ್ತಂತೆ. ಬ್ರೂಸ್ ಆ ಕುಲದವನು.

ಮಳೆ ಹಿಡಿತಕ್ಕೆ ಬಂದು, ನೆಲದ ನೀರು ಬಳಿದು, ಕಛೇರಿ ಶುರುವಾದಾಗ ಹತ್ತೂವರೆ. ದೀಪಗಳು ಆರಿದ್ದೇ ಸುತ್ತಲಿನ ಗ್ಯಾಲರಿಗಳಿಂದ ಒಂದು ಭಾರೀ ಊಳು ಎದ್ದಿತು. "ಬೂ..." ಎಂದು ಎಳೆದೆಳೆದು ಕೂಗುತ್ತಿದ್ದಾರೆ.

"ಇಷ್ಟು ಹೊತ್ತು ಕಾದು ಈಗ ಯಾಕ್ರೀ ಹೀಗೆ ಉಗೀತಾರೆ ಪಾಪ?" ಎಂದಳು ನನ್ನವಳು.

ಉಗಿಯುವುದಲ್ಲ. "ಬ್ರೂ...ಸ್" ಎಂದು ಕರೆಯುವುದು. ಮೊದಲ ಸಲ ಬಂದವರೆಲ್ಲ ಮೋಸಹೋಗುವುದು ಇಲ್ಲೇ. ಲೋಕದಲ್ಲಿ ಬೇರೆ ಹಾಡುಗಾರರು ವೇದಿಕೆ ಬಿಟ್ಟು ಓಡುವಂಥ ಸದ್ದಿಗೆ ಈತ ಎರಡೂ ಕೈ ಚಾಚಿಕೊಂಡು ಬರುತ್ತಾನೆ. ತೋಳು ಮಡಿಸಿದ ಅಂಗಿ, ಜೀನ್ಸು, ಹೆಗಲಿಗೆ ಬಣ್ಣ ಹೋದ ಟೆಲಿಕ್ಯಾಸ್ಟರ್ ಗಿಟಾರು. ಹಿಂದೆ ಇ ಸ್ಟ್ರೀಟ್ ಬ್ಯಾಂಡಿನ ದೊಡ್ಡ ಸಂಸಾರ: ಕಹಳೆಯವರು, ಪಿಟೀಲು, ಪಿಯಾನೋ, ದನಿಗೂಡಿಸುವವರು, ಹೆಂಡತಿ ಪ್ಯಾಟಿ ಸ್ಕಾಲ್ಫಾ ಕೂಡ ಅಲ್ಲಿಯೇ. ಆತ ಮಾತಾಡಲಿಲ್ಲ, ತಡವಾದದ್ದಕ್ಕೆ ಪೀಠಿಕೆ ಹಾಕಲಿಲ್ಲ. ಬಲಗೈ ಮೇಲೆತ್ತಿ ಇಳಿಸಿದ ಅಷ್ಟೆ. ಡ್ರಮ್ಸಿನ ಮ್ಯಾಕ್ಸ್ ವೈನ್‌ಬರ್ಗ್ ಹೊಡೆದ ಏಟು ಎದುರಿನ ಗ್ಯಾಲರಿಗೆ ತಾಗಿ ನಮ್ಮ ಬೆನ್ನಿಗೆ ಬಂತು.

ಆ ಬಲಗೈಯನ್ನೇ ನೋಡುತ್ತ ಕೂತರೆ ಅರ್ಧ ಕಛೇರಿ ತಿಳಿದ ಹಾಗೆ. ಬೆನ್ನ ಹಿಂದೆ ಎರಡು ಬೆರಳು ಆಡಿದರೆ ಹಾಡು ಮುಗಿಯುವುದಿಲ್ಲ, ಇನ್ನೊಂದು ಸುತ್ತು ಬರುತ್ತದೆ. ಮುಷ್ಟಿ ಬಿಗಿದರೆ ಎಲ್ಲ ವಾದ್ಯಗಳೂ ಕತ್ತರಿಸಿದಂತೆ ನಿಲ್ಲುತ್ತವೆ. ಮ್ಯಾಕ್ಸ್ ಆ ಕೈ ಬಿಟ್ಟು ಅತ್ತಿತ್ತ ಕಣ್ಣು ಹಾಯಿಸುವುದಿಲ್ಲ. ಯಕ್ಷಗಾನದಲ್ಲಿ ಮದ್ದಳೆಯವರು ವೇಷಧಾರಿಯ ಹೆಜ್ಜೆಯನ್ನು ಕಾಯುತ್ತಾರಲ್ಲ, ಅಂಥದೇ ಕಾವಲು. ಒಂದು ಹಾಡು ಮುಗಿದು ಇನ್ನೊಂದಕ್ಕೆ ಜಿಗಿಯುವ ನಡುವೆ ಉಸಿರಾಡಲೂ ಬಿಡುವಿಲ್ಲ. ಗಿಟಾರನ್ನು ಗಾಳಿಗೆ ತೂರಿದರೆ ಪರದೆಯ ಮರೆಯಿಂದ ಒಬ್ಬಾತ ಓಡಿ ಬಂದು ಹಿಡಿಯುತ್ತಾನೆ. ದೊಡ್ಡ ಪರದೆಯ ಮೇಲೆ ಬ್ರೂಸ್‌ನ ಕೊರಳು ಕಾಣುತ್ತದೆ. ಬೆರಳಗಲ ಉಬ್ಬಿದ ನರ, ಅದರ ಮೇಲೆ ಹರಿಯುವ ಬೆವರು. ಬಕೆಟ್ಟಿನಿಂದ ಸ್ಪಂಜೊಂದನ್ನು ತೆಗೆದು ತಲೆಯ ಮೇಲೆ ಹಿಂಡಿಕೊಂಡು, ಒದ್ದೆ ಬೆಕ್ಕಿನ ಹಾಗೆ ಕೊಡವಿ, ಮತ್ತೆ ಮೈಕಿಗೆ ಬರುತ್ತಾನೆ. ಕಂಠ ಮಧುರವೇನಲ್ಲ. ಬಾವಿಯ ಕಲ್ಲಿಗೆ ಹಗ್ಗ ಉಜ್ಜಿದ ಹಾಗಿದೆ. ನನಗೆ ಅದೇ ಇಷ್ಟ.

ರಟ್ಟಿನ ವಿಷಯಕ್ಕೆ ಬರುತ್ತೇನೆ. ಚೀಟಿ ನೋಡಿ ಹಾಡುವುದೆಂದರೆ ಮೊದಲೇ ಗೊತ್ತುಮಾಡಿಟ್ಟ ನಾಟಕ ಎಂದು ನಾನೂ ಗುಮಾನಿಪಟ್ಟವನೇ. ಮರುವರ್ಷ, 2013ರ ಜುಲೈಯಲ್ಲಿ, ಜರ್ಮನಿಯ ಲೈಪ್‌ಜಿಗ್‌ನ ಕಛೇರಿಯ ವಿಡಿಯೊ ನೋಡಿದ ಮೇಲೆ ಆ ಗುಮಾನಿ ಬಿಟ್ಟೆ. ಅಲ್ಲಿ ಯಾರೋ ಎತ್ತಿ ಹಿಡಿದದ್ದು ಹಳೆಯ ರಾಕ್ ಹಾಡುಗಾರ ಚಕ್ ಬೆರಿಯ 'ಯೂ ನೆವರ್ ಕ್ಯಾನ್ ಟೆಲ್'. ಬ್ಯಾಂಡಿನವರು ತಯಾರಾಗಿಲ್ಲವೆಂಬುದು ಮುಖದಲ್ಲೇ ಕಾಣುತ್ತದೆ. ಬ್ರೂಸ್ ಗಿಟಾರು ಮೀಟುತ್ತ, ಗೊಣಗುತ್ತ, ಒಂದು ಶ್ರುತಿ ಹಿಡಿದು, ಸರಿಬರದೆ ಇನ್ನೊಂದಕ್ಕೆ ಹೋಗುತ್ತಾನೆ. ಇಡೀ ಮೈದಾನ ಕಾಯುತ್ತಿದೆ. ಆಮೇಲೆ ಕಹಳೆಯವರ ಕಡೆ ತಿರುಗಿ, ಅವರು ಏನು ಊದಬೇಕೆಂಬುದನ್ನು ಬಾಯಲ್ಲೇ ಹೇಳಿಕೊಡುತ್ತಾನೆ, ಮೇಷ್ಟರು ಸರಳೆ ವರಸೆ ಹೇಳಿಕೊಟ್ಟ ಹಾಗೆ. ಎರಡು ನಿಮಿಷದಲ್ಲಿ ಹಾಡು ಎದ್ದು ನಿಂತಿತು. ಆಮೇಲೆ ಕಹಳೆಯವರು ಒಬ್ಬೊಬ್ಬರಾಗಿ ಮುಂದೆ ಬಂದು ಊದುವಾಗಿನ ಅವರ ಕುಶಿ ನೋಡಬೇಕು.

ಈ ಧೈರ್ಯಕ್ಕೊಂದು ಹಿನ್ನೆಲೆ ಇದೆ. 1973ರಲ್ಲಿ ಮೇರಿಲ್ಯಾಂಡಿನ ಒಂದು ಕಛೇರಿಯಲ್ಲಿ ಅದೇ ಚಕ್ ಬೆರಿಗೆ ಹಿಮ್ಮೇಳ ನುಡಿಸಿದ್ದು ಬ್ರೂಸ್ ಮತ್ತು ಆತನ ಹುಡುಗರು. ಬೆರಿ ಊರೂರಿಗೆ ಗಿಟಾರು ಹಿಡಿದು ಒಬ್ಬನೇ ಬರುತ್ತಿದ್ದ, ಹಿಮ್ಮೇಳ ಆಯಾ ಊರಿನವರದು. ಅವತ್ತು ಇನ್ನೇನು ಶುರುವಾಗಬೇಕು ಅನ್ನುವಾಗ ಬಂದ. ಯಾವ ಹಾಡು ಎಂದು ಕೇಳಿದರೆ, ಚಕ್ ಬೆರಿಯ ಹಾಡು ಎಂಬಷ್ಟೇ ಉತ್ತರ ಸಿಕ್ಕಿತಂತೆ! ಶ್ರುತಿ ಯಾವುದೆಂದೂ ಹೇಳಲಿಲ್ಲ. ಆ ರಾತ್ರಿ ಪಾರಾದ ಹುಡುಗ ನಲವತ್ತು ವರ್ಷದ ಮೇಲೆ ತನ್ನ ಬ್ಯಾಂಡಿನವರನ್ನು ಅದೇ ನೀರಿಗೆ ನೂಕಿದ.

ಈ ಮನುಷ್ಯನ ಬಗ್ಗೆ ನನಗೊಂದು ಕಿರಿಕಿರಿಯೂ ಇದೆ, ಹೇಳಿಬಿಡಬೇಕು. ಹಾಡುಗಳ ತುಂಬ ಮುಚ್ಚಿದ ಗಿರಣಿ, ಕೆಲಸ ಹೋದ ಗಂಡಸರು, ಕಂತು ಕಟ್ಟಲಾಗದ ಕಾರು. ಹಾಡುವವನು ಕೋಟ್ಯಧೀಶ. ಕಾರ್ಖಾನೆಯೊಳಗೆ ಒಂದು ದಿನ ದುಡಿದವನಲ್ಲ ಎಂಬುದನ್ನು ಮುಂದೆ ನ್ಯೂಯಾರ್ಕಿನ ಬ್ರಾಡ್‌ವೇ ರಂಗದ ಮೇಲೆ ನಿಂತು ತಾನೇ ಒಪ್ಪಿಕೊಂಡ. ಫ್ರೀಹೋಲ್ಡ್ ಎಂಬ ಪುಟ್ಟ ಊರಲ್ಲಿ ರತ್ನಗಂಬಳಿ ಗಿರಣಿಯಲ್ಲಿ ದುಡಿದದ್ದು, ಬಸ್ಸು ಓಡಿಸಿದ್ದು ಅಪ್ಪ. ಅಪ್ಪನ ಬೆವರನ್ನು ಮಗ ಹಾಡಿದ. 2022ರಲ್ಲಿ ಬೇಡಿಕೆ ಏರಿದಂತೆ ಬೆಲೆಯೂ ಏರುವ ಲೆಕ್ಕದಲ್ಲಿ ಆತನ ಕಛೇರಿಯ ಕೆಲವು ಟಿಕೆಟ್ಟು 5,000 ಡಾಲರ್ ಮುಟ್ಟಿದಾಗ ಹಳೆಯ ಅಭಿಮಾನಿಗಳೇ ಸಿಡಿದೆದ್ದರು. ಸಿಡಿಯಬೇಕಾದದ್ದೇ. ಆದರೆ ಕೊಟ್ಟ ದುಡ್ಡಿಗೆ ಬೆನ್ನುಮುರಿ ದುಡಿತ ತೋರಿಸುವುದಿಲ್ಲ ಎಂದು ಮಾತ್ರ ಯಾರೂ ಅನ್ನಲಾರರು. ನಾವು ಮಳೆಯಲ್ಲಿ ನಿಂತಿದ್ದಕ್ಕೆ ಸುಮಾರು ಎರಡು ತಿಂಗಳು ಮುಂಚೆ, ಜುಲೈ ಕೊನೆಗೆ, ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 4 ಗಂಟೆ 6 ನಿಮಿಷ ಹಾಡಿದ್ದ. ಅದೇ ಜುಲೈಯಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಪಾಲ್ ಮೆಕಾರ್ಟ್ನಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹಾಡಿ ಮುಗಿಸಿದ್ದೇ, ಗೊತ್ತುಮಾಡಿದ ಹೊತ್ತು ಮೀರಿತೆಂದು ಮೈಕನ್ನೇ ಆರಿಸಿದರು. ಬೀಟಲ್ಸ್‌ನವನ ಬಾಯಿಗೆ ಬೀಗ!

ನಮ್ಮ ರಾತ್ರಿ ಯಾರೂ ಬೀಗ ಹಾಕಲಿಲ್ಲ. ಹನ್ನೆರಡು ಹೊಡೆದಾಗ ಬ್ಯಾಂಡು ವಿಲ್ಸನ್ ಪಿಕೆಟ್‌ನ 'ಇನ್ ದ ಮಿಡ್‌ನೈಟ್ ಅವರ್' ಎತ್ತಿಕೊಂಡಿತು. ಅದರ ಬೆನ್ನಿಗೇ ಇಡೀ ಕ್ರೀಡಾಂಗಣ ಹುಟ್ಟುಹಬ್ಬದ ಹಾಡು ಹಾಡಿತು, ಐವತ್ತು ಸಾವಿರ ಜನ ಐವತ್ತು ಸಾವಿರ ಶ್ರುತಿಯಲ್ಲಿ. ಬ್ರೂಸ್ ಮೈಕು ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಹಾಡಿಸಿಕೊಳ್ಳುವುದು ಆತನಿಗೆ ಅಷ್ಟಾಗಿ ಬರುವುದಿಲ್ಲವೇನೋ, ಕೈ ಎಲ್ಲಿ ಇಡಬೇಕೆಂದು ತಿಳಿಯದೆ ಗಿಟಾರಿನ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದ.

ಆಮೇಲೆ ಬಂದದ್ದು 'ಜಂಗಲ್‌ಲ್ಯಾಂಡ್'. 1975ರ 'ಬಾರ್ನ್ ಟು ರನ್' ತಟ್ಟೆಯ ಕೊನೆಯ ಹಾಡು. ಅದರ ನಡುವೆ ಒಂದು ಉದ್ದನೆಯ ಸ್ಯಾಕ್ಸೊಫೋನ್ ಆಲಾಪವಿದೆ. ಆ ತಟ್ಟೆಯ ಹೊದಿಕೆಯ ಮೇಲೆ ಬ್ರೂಸ್ ಯಾರ ಹೆಗಲಿಗೆ ಒರಗಿ ನಗುತ್ತಾನೋ ಆ ದೈತ್ಯ ಕ್ಲ್ಯಾರೆನ್ಸ್ ಕ್ಲೆಮನ್ಸ್ ಅದನ್ನು ನುಡಿಸಿದವನು. ಒಂದೊಂದು ಸ್ವರವನ್ನೂ ಕೆತ್ತಿ ಕೆತ್ತಿ ಕೂರಿಸಲು ಸ್ಟುಡಿಯೊದಲ್ಲಿ ಹದಿನಾರು ತಾಸು ಹಿಡಿಯಿತಂತೆ. 2011ರ ಜೂನ್‌ನಲ್ಲಿ ಕ್ಲ್ಯಾರೆನ್ಸ್ ತೀರಿಕೊಂಡ. ಹಾಡನ್ನು ಕಟ್ಟಿಟ್ಟರು. ಆತನ ಸಹೋದರನ ಮಗ ಜೇಕ್ ಅದೇ ಜಾಗಕ್ಕೆ ಬಂದ ಮೇಲೆ, ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ 2012ರ ಅದೇ ಬೇಸಗೆಯಲ್ಲಷ್ಟೆ ಮತ್ತೆ ಬಿಚ್ಚಿದ್ದರು. ಈಗ ಜೇಕ್ ಮುಂದೆ ಬಂದ. ನಮ್ಮ ಸಾಲಿನ ಗಂಡಸರೆಲ್ಲ ಬಿಯರಿನ ಲೋಟ ಕಾಲಬುಡಕ್ಕೆ ಇಟ್ಟರು. ಹುಡುಗ ತೆರೆದ ಕಣ್ಣಿನಲ್ಲೇ ಊದಿದ. ಬ್ರೂಸ್ ಪಕ್ಕಕ್ಕೆ ಸರಿದು, ತಲೆ ತಗ್ಗಿಸಿ, ಮುಗಿಯುವ ತನಕ ಅಲ್ಲಾಡಲಿಲ್ಲ.

ದುಃಖದಲ್ಲಿ ಬಹಳ ಹೊತ್ತು ಕೂರಲು ಬಿಡುವ ಆಸಾಮಿಯಲ್ಲ. 'ಡ್ಯಾನ್ಸಿಂಗ್ ಇನ್ ದ ಡಾರ್ಕ್' ಬಂತು. 1984ರಲ್ಲಿ ಈ ಹಾಡಿನ ವಿಡಿಯೊದಲ್ಲಿ ಗುಂಪಿನಿಂದ ಆತ ಮೇಲೆಳೆದುಕೊಂಡ ಹುಡುಗಿ ಕೋರ್ಟ್ನಿ ಕಾಕ್ಸ್, ಮುಂದೆ 'ಫ್ರೆಂಡ್ಸ್' ಧಾರಾವಾಹಿಯ ಮೋನಿಕಾ. ಅಂದಿನಿಂದ ಈ ಹಾಡು ಬಂತೆಂದರೆ ಮುಂದಿನ ಸಾಲಿನ ಕೈಗಳೆಲ್ಲ ಮೇಲೇಳುತ್ತವೆ. ಅದರ ಹಿಂದೆ 'ಟೆಂತ್ ಅವೆನ್ಯೂ ಫ್ರೀಜ್ ಔಟ್'. ಕ್ಲ್ಯಾರೆನ್ಸ್ ಬ್ಯಾಂಡಿಗೆ ಸೇರಿದ ಕಥೆ ಹೇಳುವ ಸಾಲಿಗೆ ಬಂದದ್ದೇ ಮುಷ್ಟಿ ಬಿಗಿಯಿತು, ಎಲ್ಲ ನಿಂತಿತು. ಪರದೆಯ ಮೇಲೆ ಹೋದವನ ಚಿತ್ರಗಳು. ಜನ ಕೂಗಿದರು, ಕೂಗುತ್ತಲೇ ಇದ್ದರು, ಬ್ರೂಸ್ ಮೈಕು ಮೇಲೆತ್ತಿ ಆ ಕೂಗನ್ನೇ ಹಾಡಿನ ಸಾಲಿನಲ್ಲಿ ಕೂರಿಸಿಕೊಂಡು, ಮ್ಯಾಕ್ಸ್‌ನ ಏಟಿಗೆ ಮುಂದಿನ ಸಾಲು ಹಿಡಿದ. ಮೌನ ಆಚರಿಸುವುದು ನಮಗೆ ಗೊತ್ತು. ಸತ್ತವನಿಗಾಗಿ ಹೀಗೆ ಗಂಟಲು ಹರಿದುಕೊಳ್ಳುವುದನ್ನು ನಾನು ಅಲ್ಲೇ ಕಂಡದ್ದು.

ಕೊನೆಗೆ ಕೇಕು. ಹೊತ್ತು ತಂದವರು ಮನೆಯ ಹೆಂಗಸರು, ಅವರ ನಡುವೆ ತಾಯಿ ಅಡೆಲ್. ವಕೀಲರ ಆಫೀಸಿನಲ್ಲಿ ಸೆಕ್ರೆಟರಿಯಾಗಿದ್ದಾಕೆ. ಮಗನಿಗೆ ಗಿಟಾರು ಕೊಡಿಸಲು ಅರವತ್ತು ಡಾಲರ್ ಸಾಲ ತೆಗೆದವರು. ಈಗ ಎಂಬತ್ತೇಳು ವರ್ಷದ ಮುದುಕಿ ರಾತ್ರಿ ಒಂದೂವರೆ ದಾಟಿದ ಮೇಲೆ ಅಷ್ಟು ಜನರೆದುರು, ದೀಪಕ್ಕೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದರು. ಮಗ ಅವರ ಸೊಂಟಕ್ಕೆ ಕೈಕೊಟ್ಟು ಬಗ್ಗಿ ಏನೋ ಕಿವಿಯಲ್ಲಿ ಹೇಳಿದ. ನನ್ನ ಹೆಂಡತಿ ಆ ಹೊತ್ತಿಗೆ ಮೂಕಳಾಗಿದ್ದಳು, ಊರಲ್ಲಿ ಅತ್ತೆಗೆ ಈಗ ಬೆಳಗ್ಗೆ ಹನ್ನೊಂದು ದಾಟಿದೆ ಎಂದಷ್ಟೇ ಹೇಳಿದಳು.

'ಟ್ವಿಸ್ಟ್ ಅಂಡ್ ಶೌಟ್' ಮುಗಿದಾಗ ಎರಡು ಗಂಟೆ.

ಆಮೇಲಿನದು ಪಾರ್ಕಿಂಗಿನ ಕಥೆ. ಸಾವಿರಾರು ಕಾರುಗಳು ಒಂದೇ ಬಾಗಿಲಿಗೆ ಮೂತಿ ಇಟ್ಟು ನಿಂತಿದ್ದವು. ಒದ್ದೆ ಟಾರಿನ ಮೇಲೆ ಕೆಂಪು ದೀಪಗಳ ಸಾಲು. ನಮ್ಮ ಮುಂದಿನ ಕಾರಿನ ಹಿಂದಿನ ಗಾಜಿಗೆ ಒಂದು ರಟ್ಟು ಒರಗಿಸಿತ್ತು. ಮೂರು ಸುತ್ತು ಪ್ಲಾಸ್ಟಿಕ್ಕು, ಒಂದು ಮೂಲೆಯಲ್ಲಿ ಇಳಿದ ನೀಲಿ ಶಾಯಿ. ಆಕೆಯ ಹಾಡು ಬಂದಿರಲಿಲ್ಲ. ಕೊನೆಗೂ ಹೆಸರು ಓದಿದೆ. ನಾನು ಎಂದೂ ಕೇಳಿರದ ಹಾಡು. ಪಕ್ಕದ ಸಾಲಿನ ಪಿಕಪ್ ವ್ಯಾನಿನಲ್ಲಿ ಕೂತಿದ್ದ ಗಡ್ಡದವನೂ ಅದನ್ನು ಓದಿದನೆಂದು ಕಾಣುತ್ತದೆ. ಗಾಜು ಇಳಿಸಿ, ಬಾಗಿಲ ಮೇಲೆ ಅಂಗೈಯಿಂದ ತಾಳ ಹಾಕುತ್ತ, ಕೆಟ್ಟ ಕಂಠದಲ್ಲಿ ಶುರುಮಾಡಿದ. ಮುಂದಿನ ಕಾರಿನ ಕಿಟಕಿಯೂ ಇಳಿಯಿತು.