ಉತಾರ ಇಲ್ಲದವನಿಗೆ ಹಿಂಡಲಗಾ

ಬೆಳಗಾವಿಯ ಹಿಂಡಲಗಾ ಕೇಂದ್ರ ಕಾರಾಗೃಹ ಎಂದೊಡನೆ ಜನ ಗಲ್ಲುಗಂಬದ ಮಾತೆತ್ತುತ್ತಾರೆ. 1923ರ ಕಾಲದ ಜೈಲು. 1950ರಲ್ಲಿ ಸಾವರ್ಕರ್ ಅವರನ್ನೂ ಇಲ್ಲಿಟ್ಟಿದ್ದರು. ಇಂಥ ಕಥೆಗಳ ಸದ್ದಿನಲ್ಲಿ ಬರೀ ಜಾಮೀನಿಗಾಗಿ ಕಾಯುತ್ತಿರುವವರ ಸುದ್ದಿ ಹೊರಗೆ ಬರುವುದೇ ಇಲ್ಲ.

ದೇಶದ ಜೈಲುಗಳು ತುಂಬಿ ತುಳುಕುತ್ತಿರುವುದು ಇಂಥವರಿಂದಲೇ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರ ಕೊನೆಗೆ 4.36 ಲಕ್ಷ ಮಂದಿ ಹಿಡಿಸುವ ಜಾಗದಲ್ಲಿ 5.73 ಲಕ್ಷ ಮಂದಿ ಇದ್ದರು. ನೂರಕ್ಕೆ 75ಕ್ಕೂ ಹೆಚ್ಚು ಜನ ವಿಚಾರಣಾಧೀನರು, ಅಂದರೆ ತಪ್ಪು ಮಾಡಿದ್ದಾರೆಂದು ಇನ್ನೂ ಸಾಬೀತಾಗದವರು.

ಖಾನಾಪುರದ ಕಡೆಯ ಬಡವನ ಪಾಡು ನೋಡಿ. ವಕೀಲರು ವಾದಿಸಿ ಆದೇಶ ತಂದರೂ ಮನೆಯವರ ಮಾತು ಒಂದೇ: 'ಜಾಮೀನು ಆಗೇತ್ರಿ, ಸಹಿ ಹಾಕಾಕ ಯಾರೂ ಬರವಲ್ರು.' ಸಹಿ ಹಾಕುವವನ ಹೆಸರಿನಲ್ಲಿ ಉತಾರ, ಅಂದರೆ ಹೊಲದ ಪಹಣಿ ಬೇಕು. ಕಣಕುಂಬಿ, ಜಾಂಬೋಟಿಯ ಕಾಡಂಚಿನಲ್ಲಿ ಎಷ್ಟೋ ಮಂದಿ ಉಳುವ ನೆಲಕ್ಕೆ ಪಟ್ಟಾ ಇಲ್ಲ. ಇದ್ದರೂ ಹೊಲ ಸತ್ತ ಅಜ್ಜನ ಹೆಸರಿನಲ್ಲೇ, ಅಣ್ಣತಮ್ಮಂದಿರ ಜಂಟಿಯಲ್ಲೇ ಉಳಿದಿರುತ್ತದೆ. ಸ್ವಂತ ಹೊಲವಿದ್ದವನಿಗೆ ಉತಾರದ ಮೇಲೆ ಬೋಜಾ, ಅಂದರೆ ಹೊಣೆಯ ನಮೂದು, ಬೀಳುತ್ತದೆಂಬ ಅಳುಕು. ಇನ್ನು ಬೀಗರೋ, ಗೋವಾದಲ್ಲಿ ಇಲ್ಲವೇ ಗಡಿಯಾಚೆಯ ಚಂದಗಡದಲ್ಲಿ. ಹೊರರಾಜ್ಯದವರ ಜಾಮೀನು ನಡೆಯುತ್ತದೋ ಇಲ್ಲವೋ ಎಂಬ ಗೊಂದಲದಲ್ಲೇ ವಾರಗಳು ಉರುಳುತ್ತವೆ.

ಈ ಗೊಂದಲ ಇರಲೇಬಾರದು. ಮಧ್ಯಪ್ರದೇಶದ ಮೋತಿರಾಮ್ ಎಂಬ ಗೌಂಡಿಗೆ ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿ, ಜಾಮೀನು ನಿಂತ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಕೆಳ ನ್ಯಾಯಾಲಯ ಅದನ್ನು ತಳ್ಳಿಹಾಕಿತ್ತು. 1978ರಲ್ಲಿ ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ಕಟುವಾಗಿ ಟೀಕಿಸಿ, ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆ ಮೇಲೆ ಆತನನ್ನು ಬಿಡಿಸಿದರು. ಗಡಿ ತಾಲ್ಲೂಕಿಗೆ ಇದಕ್ಕಿಂತ ಒಪ್ಪುವ ತೀರ್ಪು ಬೇಕೆ?

ಜೈಲು ಕಿಕ್ಕಿರಿಯಿತೆಂದರೆ ಹೊಸ ಬ್ಯಾರಕ್ ಕಟ್ಟೋಣ ಎನ್ನುವುದು ಸರ್ಕಾರಗಳ ಹಳೆಯ ಚಾಳಿ. ಕಟ್ಟಲಿ, ಮಲಗಲು ಜಾಗವಾದರೂ ಸಿಗಲಿ. ಆದರೆ ಹೊರಬರುವ ಬಾಗಿಲು ತೆರೆಯದಿದ್ದರೆ ಅದೂ ತುಂಬುತ್ತದೆ. ಬಾಗಿಲು ತೆರೆಯುವ ಕಾನೂನು ಈಗಾಗಲೇ ಇದೆ. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ, ಹಿಂದೆಂದೂ ಶಿಕ್ಷೆಯಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದರೆ ಮುಚ್ಚಳಿಕೆ ಮೇಲೆ ಬಿಡುಗಡೆಗೆ ಅರ್ಹ; ಮರಣದಂಡನೆ, ಜೀವಾವಧಿಯ ಪ್ರಕರಣಗಳಿಗೆ, ಹಲವು ಕೇಸು ಮೈಮೇಲಿದ್ದವರಿಗೆ ಇದು ಅನ್ವಯಿಸದು. ಹಳೆಯ ಪ್ರಕರಣಗಳಿಗೂ ಈ ನಿಯಮ ಸಲ್ಲುತ್ತದೆಂದು ಸುಪ್ರೀಂ ಕೋರ್ಟ್ ಅದೇ ಆಗಸ್ಟ್‌ನಲ್ಲಿ ಹೇಳಿತು. ಅರ್ಜಿ ಹಾಕಬೇಕಾದ ಹೊಣೆ ಜೈಲು ಅಧೀಕ್ಷಕರದ್ದೇ. ಬಡ ಕೈದಿಗಳ ಜಾಮೀನಿಗೆ ಹಣದ ನೆರವು ನೀಡುವ ಕೇಂದ್ರದ ಯೋಜನೆಯೂ 2023ರಲ್ಲೇ ಬಂದಿದೆ.

ಶಿಕ್ಷೆಯಾದವರಿಗೆ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಂಥ ಬಯಲು ಬಂದೀಖಾನೆ ನಮ್ಮ ಭಾಗಕ್ಕೂ ಬೇಕು. ಅದು ಮುಂದಿನ ಮಾತು. ಮೊದಲು ಜಾಮೀನು ಸಿಕ್ಕಿಯೂ ಒಳಗುಳಿದವರ ಪಟ್ಟಿಯನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ವಾರವಾರ ನೋಡಲಿ, ಅವರ ಷರತ್ತು ಸಡಿಲಿಸಲು ನ್ಯಾಯಾಲಯಕ್ಕೆ ಹೋಗಲಿ.

ನಿಮ್ಮ ಊರಿನವರು ಯಾರಾದರೂ ಹೀಗೆ ಒಳಗಿದ್ದರೆ 15100ಕ್ಕೆ ಫೋನ್ ಮಾಡಿ. ಬಂಧನದಲ್ಲಿರುವವರಿಗೆ ವಕೀಲರ ನೆರವು ಉಚಿತ, ಆದಾಯ ಪ್ರಮಾಣಪತ್ರ ಬೇಕಿಲ್ಲ.