ಅಗಲ ಪಾದಕ್ಕೆ ಒಪ್ಪುವ ಬೂಟು ಆರಿಸುವುದು ಹೇಗೆ?

ನನ್ನ ತಂಗಿಯ ಮಗಳು ನರ್ಸ್. ಬಂಟ್ವಾಳದ ಹತ್ತಿರದ ಹಳ್ಳಿಯಲ್ಲಿ ಬೆಳೆದವಳು. ಅಡಿಕೆ ತೋಟ, ಗದ್ದೆಯ ಬದು, ಮನೆಯಂಗಳ ಎಲ್ಲ ಕಡೆ ಬರಿಗಾಲಲ್ಲೇ ಓಡಾಡಿ, ಶಾಲೆಗೆ ರಬ್ಬರ್ ಚಪ್ಪಲಿ ಹಾಕಿ ಹೋದವಳು. ಅವಳ ಪಾದದ ಮುಂಭಾಗ ಬೀಸಣಿಗೆಯಂತೆ ಅಗಲ. ಐದೂ ಬೆರಳುಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಕೆಲಸಕ್ಕೆಂದು ಜರ್ಮನಿಗೆ ಹೋದ ಮೊದಲ ಚಳಿಗಾಲದಲ್ಲಿ ಅವಳು ಮೊದಲ ಬಾರಿಗೆ ಬೂಟು ಕೊಳ್ಳಬೇಕಾಯಿತು. ಅಂಗಡಿಯಲ್ಲಿ 38ರ ಅಳತೆ ಉದ್ದಕ್ಕೆ ಸರಿಹೋಯಿತು, ಆದರೆ ಬೆರಳುಗಳು ಒಂದರ ಮೇಲೊಂದು ಏರಿದವು. 40 ಹಾಕಿದಾಗ ಬಿಗಿ ಸ್ವಲ್ಪ ಕಡಿಮೆ ಎನಿಸಿತು. ಅದನ್ನೇ ಕೊಂಡಳು.

ಎರಡು ತಿಂಗಳಲ್ಲಿ ಹೆಬ್ಬೆರಳಿನ ಉಗುರು ಕಪ್ಪಾಯಿತು. ಕಿರುಬೆರಳಿನ ಮೇಲೆ ಆಣಿ ಎದ್ದಿತು. ಬೂಟಿನೊಳಗೆ ಹಿಮ್ಮಡಿ ಜಾರಿ, ಮೆಟ್ಟಿಲಿಳಿಯುವಾಗ ಒಮ್ಮೆ ಬಿದ್ದಳು. ವೀಡಿಯೋ ಕರೆಯಲ್ಲಿ ಪಾದ ತೋರಿಸುತ್ತಾ, "ನನ್ನ ಕಾಲೇ ಸರಿಯಿಲ್ಲ, ಇಲ್ಲಿಯ ಬೂಟಿಗೆ ಹೊಂದುವುದಿಲ್ಲ" ಎಂದು ಅತ್ತಳು.

ಅವಳ ಕಾಲಿನಲ್ಲಿ ಯಾವ ದೋಷವೂ ಇರಲಿಲ್ಲ. ಅವಳು ಅಗಲದ ಸಮಸ್ಯೆಗೆ ಉದ್ದದ ಪರಿಹಾರ ಹುಡುಕಿದ್ದಳು. ನಮ್ಮಲ್ಲಿ ಹೆಚ್ಚಿನವರು ಮಾಡುವುದು ಇದನ್ನೇ.

ನಮ್ಮ ಪಾದಗಳು ಅಗಲವೇ?

ಹೌದು ಎನ್ನುತ್ತದೆ ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ. ಈ ಸಂಸ್ಥೆಯು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆಗಳಲ್ಲಿ 1,01,880 ಜನರ ಪಾದಗಳನ್ನು ತ್ರೀ-ಡಿ ಯಂತ್ರಗಳಿಂದ ಅಳೆಯಿತು. ಭಾರತೀಯರ ಪಾದ ಸರಾಸರಿಯಲ್ಲಿ ಯುರೋಪಿಯನ್ನರ ಮತ್ತು ಅಮೆರಿಕನ್ನರ ಪಾದಕ್ಕಿಂತ ಅಗಲ ಎಂದು ಅದರಿಂದ ತಿಳಿದುಬಂತು. ನಾವು ಇಂದಿಗೂ ಬಳಸುತ್ತಿರುವುದು ಬ್ರಿಟಿಷರ ಕಾಲದಲ್ಲಿ ಬಂದ ಅಳತೆ. ಬೂಟು ಬಿಗಿಯಾಗುವ ಕಾರಣ ಜನರು ಬೇಕಾದುದಕ್ಕಿಂತ ಉದ್ದದ ಜೋಡು ಕೊಳ್ಳುತ್ತಾರೆ ಎಂಬುದೂ ಆ ಸಮೀಕ್ಷೆಯಲ್ಲಿ ಕಂಡುಬಂತು. ಆದ್ದರಿಂದ 'ಭಾ' ಎಂಬ ಹೆಸರಿನ ಹೊಸ ಭಾರತೀಯ ಅಳತೆಯನ್ನು ಸಂಸ್ಥೆ ಶಿಫಾರಸು ಮಾಡಿತು.

ಇನ್ನೊಂದು ಅಧ್ಯಯನ ನಮ್ಮ ಮಣಿಪಾಲದ್ದು. ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವೈದ್ಯರು 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತುಗಳನ್ನು ಪರೀಕ್ಷಿಸಿ 1992ರಲ್ಲಿ ವರದಿ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇ. 8.6ರಷ್ಟು ಮಂದಿಗೆ ಚಪ್ಪಟೆ ಪಾದವಿತ್ತು. ಬರಿಗಾಲಿನ ಮಕ್ಕಳಲ್ಲಿ ಅದು ಶೇ. 2.8 ಮಾತ್ರ. ಬೆರಳು ಮುಚ್ಚುವ ಬೂಟು ಹಾಕುವವರಲ್ಲಿ ಅತಿ ಹೆಚ್ಚು, ಚಪ್ಪಲಿ, ಸ್ಯಾಂಡಲ್ ಹಾಕುವವರಲ್ಲಿ ಅದಕ್ಕಿಂತ ಕಡಿಮೆ. ಮಕ್ಕಳ ಪಾದಕ್ಕೆ ಅಲುಗಾಡಲು ಜಾಗ ಬೇಕು ಎಂಬುದು ಇದರಿಂದ ನಾವು ಕಲಿಯಬೇಕಾದ ಪಾಠ. ಹಾಗೆಂದು ಕೊಳೆನೀರು, ಮುಳ್ಳು, ಗಾಜು ಇರುವಲ್ಲಿ ಬರಿಗಾಲಲ್ಲಿ ನಡೆಯಿರಿ ಎಂದು ಇದರರ್ಥವಲ್ಲ.

ಅಗಲ ಪಾದಕ್ಕೆ ಹುಟ್ಟು ಮತ್ತು ಅಭ್ಯಾಸ ಮಾತ್ರ ಕಾರಣವಲ್ಲ. ಗರ್ಭಿಣಿಯಾಗಿದ್ದಾಗ ಕೆಲವು ಮಹಿಳೆಯರ ಪಾದದ ಕಮಾನು ಇಳಿದು, ಪಾದ ಉದ್ದವೂ ಅಗಲವೂ ಆಗುತ್ತದೆ. ಹೆರಿಗೆಯ ನಂತರವೂ ಅದು ಹಾಗೆಯೇ ಉಳಿಯಬಹುದು. ಮದುವೆಗೆ ಮುಂಚಿನ ಅಳತೆಯ ಜೋಡನ್ನೇ ಈಗಲೂ ಹಾಕುತ್ತಿರುವ ತಾಯಂದಿರು ಒಮ್ಮೆ ಪಾದ ಅಳೆದು ನೋಡುವುದು ಒಳ್ಳೆಯದು.

'ಬೇರ್‌ಫುಟ್' ಬೂಟು ಎಂದರೇನು?

ನಮ್ಮ ಒಂದು ಪಾದದಲ್ಲಿ 26 ಎಲುಬುಗಳಿವೆ. ಪಾದವನ್ನು ಮೇಲಿನಿಂದ ನೋಡಿದರೆ ಅತಿ ಅಗಲದ ಭಾಗ ಬೆರಳುಗಳ ಬುಡ ಮತ್ತು ಬೆರಳುಗಳು. ಆದರೆ ಸಾಮಾನ್ಯ ಫ್ಯಾಶನ್ ಬೂಟು ಅಲ್ಲಿಂದಲೇ ಕಿರಿದಾಗುತ್ತಾ ಹೋಗಿ ಮಧ್ಯದಲ್ಲಿ ಚೂಪಾಗುತ್ತದೆ. ಬರಿಗಾಲಿನ ಮಾದರಿಯಲ್ಲಿ ಮಾಡಿದ ಬೂಟಿನಲ್ಲಿ ಮೂರು ಗುಣಗಳಿರಬೇಕು:

1. ಮುಂಭಾಗ ಪಾದದ ಆಕಾರದಲ್ಲೇ ಇರಬೇಕು. ಹೆಬ್ಬೆರಳು ನೇರವಾಗಿ ಮುಂದಕ್ಕೆ ಚಾಚಿಕೊಳ್ಳುವಂತಿರಬೇಕು.

2. ಹಿಮ್ಮಡಿಯೂ ಬೆರಳುಗಳೂ ಒಂದೇ ಎತ್ತರದಲ್ಲಿರಬೇಕು. ಹೀಲ್ ಇರಬಾರದು.

3. ಅಟ್ಟೆ ತೆಳುವಾಗಿ, ಕೈಯಲ್ಲಿ ಮಡಚಿದರೆ ಸುಲಭವಾಗಿ ಬಾಗುವಂತಿರಬೇಕು.

ಅಮೆರಿಕದ ಝೀರೋ ಶೂಸ್, ಬ್ರಿಟನ್ನಿನ ವಿವೋಬೇರ್‌ಫುಟ್, ಸ್ಲೊವಾಕಿಯಾದ ಬಿ ಲೆಂಕಾ ಇಂಥ ಬೂಟು ಮಾಡುವ ಕಂಪೆನಿಗಳಲ್ಲಿ ಕೆಲವು. ಆದರೆ 'ಬೇರ್‌ಫುಟ್' ಎಂಬ ಪದ ಕಂಡ ಕೂಡಲೇ ಅಗಲ ಎಂದು ನಂಬಬೇಡಿ. ಒಂದೇ ಕಂಪೆನಿಯ ಎರಡು ಮಾದರಿಗಳ ಅಗಲವೂ ಬೇರೆಬೇರೆ ಇರುತ್ತದೆ. ನಿಮ್ಮ ಅಳತೆ ನಿಮಗೆ ಗೊತ್ತಿರಬೇಕು.

ಮನೆಯಲ್ಲೇ ಅಳೆಯಿರಿ

ಸಂಜೆ ಹೊತ್ತಿಗೆ ಅಳೆಯಿರಿ. ದಿನವಿಡೀ ನಿಂತು ನಡೆದ ಪಾದ ಬೆಳಗ್ಗಿಗಿಂತ ಸ್ವಲ್ಪ ಊದಿರುತ್ತದೆ. ಬೂಟಿನೊಳಗೆ ಹಾಕುವ ಕಾಲುಚೀಲವನ್ನೇ ಹಾಕಿಕೊಳ್ಳಿ. ಗೋಡೆಗೆ ತಾಗಿಸಿ ನೆಲದ ಮೇಲೆ ಕಾಗದ ಇಟ್ಟು, ಹಿಮ್ಮಡಿ ಗೋಡೆಗೆ ತಾಗುವಂತೆ ಎದ್ದು ನಿಲ್ಲಿ. ಕುಳಿತು ಅಳೆದರೆ ಪಾದ ಪೂರ್ತಿ ಅಗಲವಾಗುವುದಿಲ್ಲ. ಇನ್ನೊಬ್ಬರು ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತಲೂ ಗೆರೆ ಎಳೆಯಲಿ. ಪೆನ್ಸಿಲ್ ಒಳಕ್ಕೆ ವಾಲಿದರೆ ಅಳತೆ ತಪ್ಪುತ್ತದೆ.

ಎರಡೂ ಪಾದಗಳನ್ನು ಅಳೆದು, ದೊಡ್ಡದನ್ನು ಲೆಕ್ಕಕ್ಕೆ ಹಿಡಿಯಿರಿ. ಗೋಡೆಯಿಂದ ಅತಿ ಉದ್ದದ ಬೆರಳಿನ ತುದಿಯವರೆಗೆ ಉದ್ದ. ಕೆಲವರಿಗೆ ಎರಡನೆಯ ಬೆರಳೇ ಉದ್ದವಿರುತ್ತದೆ. ಬೆರಳುಗಳ ಬುಡದಲ್ಲಿ ಎರಡೂ ಕಡೆ ಉಬ್ಬಿದ ಎಲುಬುಗಳ ನಡುವೆ ಅಗಲ. ಎರಡನ್ನೂ ಮಿಲಿಮೀಟರಿನಲ್ಲಿ ಬರೆದಿಡಿ.

ಬೂಟಿನ ಒಳ ಉದ್ದ ಪಾದಕ್ಕಿಂತ ಸುಮಾರು 10ರಿಂದ 12 ಮಿ.ಮೀ. ಹೆಚ್ಚಿರಲಿ. ಒಳ ಅಗಲ ನಿಮ್ಮ ಅಗಲಕ್ಕಿಂತ ಕಡಿಮೆ ಇರಬಾರದು. ದಪ್ಪ ಉಣ್ಣೆಯ ಕಾಲುಚೀಲ ಹಾಕುವವರು ಎರಡು ಮೂರು ಮಿ.ಮೀ. ಹೆಚ್ಚಿಗೆ ನೋಡಬೇಕು.

ಈಗ ಉದ್ದದ ಬೂಟಿನ ವಿಷಯಕ್ಕೆ ಬರೋಣ. ಯುರೋಪಿನ ಅಳತೆಯಲ್ಲಿ ಒಂದು ನಂಬರ್ ಏರಿದರೆ ಉದ್ದ 6.67 ಮಿ.ಮೀ. ಹೆಚ್ಚುತ್ತದೆ. 38ರಿಂದ 40ಕ್ಕೆ ಹೋದರೆ ಹೆಚ್ಚುವ ಉದ್ದ 13 ಮಿ.ಮೀ.ಗೂ ಮಿಕ್ಕಿ. ಅಗಲ ಹೆಚ್ಚುವುದು ಕೆಲವೇ ಮಿ.ಮೀ. ಜೊತೆಗೆ ಬೂಟು ಬಾಗುವ ಜಾಗ ಮುಂದಕ್ಕೆ ಸರಿಯುತ್ತದೆ. ಪಾದ ಒಂದು ಕಡೆ ಬಾಗಿದರೆ ಬೂಟು ಇನ್ನೊಂದು ಕಡೆ ಬಾಗುತ್ತದೆ. ಹಿಮ್ಮಡಿ ಜಾರುತ್ತದೆ, ಪಾದ ಮುಂದಕ್ಕೆ ನುಗ್ಗಿ ಉಗುರು ಗುದ್ದಿಕೊಳ್ಳುತ್ತದೆ. ನನ್ನ ತಂಗಿಯ ಮಗಳಿಗೆ ಆದದ್ದು ಇದೇ.

ಅಗಲ ಸೂಚಿಸುವ ಅಕ್ಷರಗಳಿಂದಲೂ ಮೋಸ ಹೋಗಬಾರದು. ಅಮೆರಿಕದಲ್ಲಿ 'ಡಿ' ಎಂದರೆ ಪುರುಷರ ಬೂಟಿನಲ್ಲಿ ಸಾಮಾನ್ಯ ಅಗಲ, ಮಹಿಳೆಯರ ಬೂಟಿನಲ್ಲಿ ಹೆಚ್ಚು ಅಗಲ. ಆದ್ದರಿಂದ ಅಗಲ ಪಾದದ ಮಹಿಳೆಯರಿಗೆ ಪುರುಷರ ಮಾದರಿಯ ಬೂಟೇ ಹೊಂದುವುದುಂಟು.

ಬೂಟು ಕೈಗೆ ಬಂದಾಗ ಒಳಹಾಸು ಹೊರತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಪಾದದ ಅಂಚು ಅಥವಾ ಕಿರುಬೆರಳು ಹೊರಗೆ ಬಂದರೆ ಆ ಬೂಟು ನಿಮ್ಮದಲ್ಲ. 'ಹಾಕುತ್ತಾ ಹಾಕುತ್ತಾ ಸಡಿಲವಾಗುತ್ತದೆ' ಎಂಬ ಮಾತಿಗೆ ಕಿವಿಗೊಡಬೇಡಿ. ಮೇಲಿನ ಚರ್ಮ ಸ್ವಲ್ಪ ಹಿಗ್ಗಬಹುದು, ಅಟ್ಟೆ ಅಗಲವಾಗುವುದಿಲ್ಲ. ಆನ್‌ಲೈನ್‌ನಲ್ಲಿ ತರಿಸುವವರು ಹಿಂದಿರುಗಿಸುವ ನಿಯಮವನ್ನು ಮೊದಲೇ ಓದಿ, ಮನೆಯೊಳಗೆ ಜಮಖಾನೆಯ ಮೇಲೆ ಮಾತ್ರ ನಡೆದು ನೋಡಿ.

ಚೆಂದವೂ ಬೇಕಲ್ಲವೇ?

ಬೇಕು. ಅಗಲ ಬೂಟು ಬಾತುಕೋಳಿಯ ಕಾಲಿನಂತೆ ಕಾಣುತ್ತದೆ ಎಂಬುದು ಹುಡುಗಿಯರ ದೂರು. ಅದಕ್ಕೂ ಉಪಾಯಗಳಿವೆ. ಕಪ್ಪು, ಕಡು ಕಂದು ಮೊದಲಾದ ಒಂದೇ ಬಣ್ಣದ ಬೂಟು ಆರಿಸಿ. ಅಟ್ಟೆಯೂ ಅದೇ ಬಣ್ಣದ್ದಾಗಿದ್ದರೆ ಅಗಲ ಎದ್ದು ಕಾಣುವುದಿಲ್ಲ. ಬಿಳಿ ಅಟ್ಟೆ ಪಾದದ ಸುತ್ತಳತೆಯನ್ನು ಗೆರೆ ಎಳೆದಂತೆ ತೋರಿಸುತ್ತದೆ. ಮುಂಭಾಗದಲ್ಲಿ ಅಡ್ಡ ಹೊಲಿಗೆ, ಬಕಲ್, ಅಲಂಕಾರ ಕಡಿಮೆ ಇದ್ದಷ್ಟೂ ಒಳ್ಳೆಯದು. ಕಣಕಾಲಿನ ಮೇಲೆ ಬರುವ ಬೂಟಿನ ಮೇಲೆ ಪ್ಯಾಂಟ್, ಸಲ್ವಾರ್ ಅಥವಾ ಉದ್ದ ಅಂಗಿಯ ಅಂಚು ಇಳಿದರೆ ನೋಡುವವರಿಗೆ ಕಾಣುವುದು ಅಂದವಾದ ತುದಿ ಮಾತ್ರ.

ಪಾದದ ಮೇಲ್ಭಾಗ ಎತ್ತರ ಇರುವವರಿಗೆ ಎಲಾಸ್ಟಿಕ್‌ನ ಚೆಲ್ಸಿ ಬೂಟು ತೂರಿಸುವುದೇ ಕಷ್ಟ. ಲೇಸ್ ಇರುವ ಬೂಟಿನಲ್ಲಿ ಮುಂದೆ ಸಡಿಲ, ಕಣಕಾಲಿನ ಬಳಿ ಬಿಗಿ ಮಾಡಿಕೊಳ್ಳಬಹುದು. ಮನೆ, ಮಸೀದಿ ಎಂದು ದಿನಕ್ಕೆ ಹಲವು ಬಾರಿ ಬಿಚ್ಚುವವರು ಲೇಸಿನ ಜೊತೆಗೆ ಪಕ್ಕದಲ್ಲಿ ಝಿಪ್ ಇರುವುದನ್ನು ನೋಡಲಿ. ಒಮ್ಮೆ ಲೇಸ್ ಸರಿ ಮಾಡಿಕೊಂಡರೆ ಆಮೇಲೆ ಝಿಪ್ ಸಾಕು.

ಚಳಿ ದೇಶಕ್ಕಾದರೆ ತೆಳು ಅಟ್ಟೆಯ ಮೂಲಕ ನೆಲದ ಚಳಿ ಬೇಗ ಏರುತ್ತದೆ ಎಂಬುದು ನೆನಪಿರಲಿ. ತೆಗೆದು ಹಾಕಬಹುದಾದ ಉಣ್ಣೆಯ ಒಳಹಾಸು, ನೀರು ತಡೆಯುವ ಮೇಲ್ಚರ್ಮ, ಅಟ್ಟೆಯಲ್ಲಿ ಆಳವಾದ ಕಚ್ಚುಗಳು ಬೇಕು. ಉಣ್ಣೆಯ ಒಳಹಾಸು ಹಾಕಿಯೇ ಅಳತೆ ನೋಡಿ.

ಆತುರ ಬೇಡ

ಬ್ರಿಟನ್ನಿನ ಲಿವರ್‌ಪೂಲ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ತಿಂಗಳು ದಿನನಿತ್ಯ ಇಂಥ ಪಾದರಕ್ಷೆ ಹಾಕಿದವರ ಬೆರಳುಗಳ ಬಲ ಸರಾಸರಿ ಶೇ. 57ರಷ್ಟು ಹೆಚ್ಚಿತ್ತು. ಇದು ಸಂತೋಷದ ಮಾತು. ಆದರೆ 2013ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವನ್ನೂ ತಿಳಿದಿರಬೇಕು. ಹತ್ತು ವಾರಗಳಲ್ಲಿ ಸಾಮಾನ್ಯ ಶೂನಿಂದ ತೆಳು ಅಟ್ಟೆಗೆ ಬದಲಾಯಿಸಿದ ಓಟಗಾರರಲ್ಲಿ ಹಲವರ ಪಾದದ ಎಲುಬಿನ ಮಜ್ಜೆಯಲ್ಲಿ ಊತ ಎಂ.ಆರ್.ಐ.ನಲ್ಲಿ ಕಾಣಿಸಿಕೊಂಡಿತು.

ವರ್ಷಗಟ್ಟಲೆ ಹೀಲ್ ಹಾಕಿದವರ ಮೀನಖಂಡ ಗಿಡ್ಡವಾಗಿರುತ್ತದೆ. ಮೊದಲ ವಾರ ದಿನಕ್ಕೆ ಅರ್ಧ ಗಂಟೆ ಹಾಕಿ. ನಂತರ ಸ್ವಲ್ಪಸ್ವಲ್ಪ ಹೆಚ್ಚಿಸುತ್ತಾ ಎರಡು ಮೂರು ತಿಂಗಳಲ್ಲಿ ಪೂರ್ತಿ ದಿನಕ್ಕೆ ಬನ್ನಿ. ಮೀನಖಂಡದಲ್ಲಿ ಸಣ್ಣ ಸೆಳೆತ ಸಹಜ. ಎಲುಬಿನ ಒಂದೇ ಜಾಗದಲ್ಲಿ ಚುಚ್ಚುವ ನೋವು ಬಂದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಹೆಬ್ಬೆರಳಿನ ಬುಡದಲ್ಲಿ ಈಗಾಗಲೇ ಗಂಟು ಬಂದವರಿಗೆ ಅಗಲ ಬೂಟು ಉಜ್ಜುವಿಕೆ ತಪ್ಪಿಸಿ ನೋವು ಕಡಿಮೆ ಮಾಡಬಹುದು. ಬಾಗಿದ ಬೆರಳನ್ನು ಅದು ನೇರ ಮಾಡುವುದಿಲ್ಲ. ಈ ತೊಂದರೆಗೆ ವಂಶಪಾರಂಪರ್ಯವೂ ಒಂದು ಕಾರಣ.

ಮಧುಮೇಹಿಗಳು ಗಮನಿಸಿ

ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ತೆಳು ಅಟ್ಟೆ ಅಪಾಯಕಾರಿ. ಕಲ್ಲು ಚುಚ್ಚಿದರೂ, ಮೊಳೆ ತೂರಿದರೂ ಅವರಿಗೆ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಹುಣ್ಣಾಗಿರುತ್ತದೆ. ಅವರಿಗೂ ಅಗಲವಾದ ಮುಂಭಾಗ ಬೇಕು, ಆದರೆ ಮೆತ್ತನೆಯ ಒಳಹಾಸು ಮತ್ತು ರಕ್ಷಣೆ ಕೊಡುವ ಅಟ್ಟೆಯ ಜೊತೆಗೆ. ವೈದ್ಯರನ್ನು ಕೇಳಿಯೇ ಕೊಳ್ಳಬೇಕು. ಹಾಕುವ ಮುನ್ನ ಪ್ರತಿ ಬಾರಿ ಬೂಟಿನೊಳಗೆ ಕೈ ಆಡಿಸಿ ನೋಡುವುದು, ರಾತ್ರಿ ಪಾದದ ಅಡಿ ಪರೀಕ್ಷಿಸುವುದು ಅಭ್ಯಾಸವಾಗಲಿ.

ಒದ್ದೆ ಕಾಲಿಗೆ ಬೂಟು ಬೇಡ

ವುಝೂ ಮಾಡುವಾಗ ಬೆರಳುಗಳ ಸಂದನ್ನೂ ತೊಳೆಯುತ್ತೇವೆ. ತೊಳೆದ ನಂತರ ಒರೆಸದೆ ಬೂಟು ಹಾಕಿದರೆ ಆ ತೇವದಲ್ಲೇ ಶಿಲೀಂಧ್ರ ಬೆಳೆದು, ಬೆರಳ ಸಂದು ಬೆಳ್ಳಗಾಗಿ, ಸುಲಿದು, ತುರಿಸುತ್ತದೆ. ಕೆಲಸದ ಸ್ಥಳಕ್ಕೆ ಒಂದು ಚಿಕ್ಕ ಟವೆಲು ಮತ್ತು ಇನ್ನೊಂದು ಜೊತೆ ಕಾಲುಚೀಲ ಒಯ್ಯಿರಿ. ಸಂದುಗಳನ್ನು ಒಂದೊಂದಾಗಿ ಒರೆಸಿ, ಒಣಗಿದ ಮೇಲೆ ಹಾಕಿ. ಸಾಧ್ಯವಿದ್ದರೆ ಎರಡು ಜೊತೆ ಬೂಟು ಇಟ್ಟುಕೊಂಡು ದಿನ ಬಿಟ್ಟು ದಿನ ಬಳಸಿ. ಒದ್ದೆಯಾದ ಚರ್ಮದ ಬೂಟನ್ನು ಹೀಟರ್ ಮೇಲೆ ಇಡಬೇಡಿ, ಬಿರಿಯುತ್ತದೆ. ಒಳಹಾಸು ತೆಗೆದು, ಕಾಗದ ತುರುಕಿ ಗಾಳಿಗೆ ಇಡಿ.

ತಂಗಿಯ ಮಗಳು ಕಾಗದದ ಮೇಲೆ ಪಾದ ಬರೆದು ಅಳೆದಳು. ಉದ್ದ 240 ಮಿ.ಮೀ., ಅಗಲ 101. ಆ ಲೆಕ್ಕ ಹಿಡಿದು ಹುಡುಕಿ, ಮೊದಲು ತರಿಸಿದ್ದನ್ನು ಹಿಂದಿರುಗಿಸಿ, ಎರಡನೆಯದಾಗಿ ಕಪ್ಪು ಚರ್ಮದ ಲೇಸಿನ ಬೂಟು ಇಟ್ಟುಕೊಂಡಳು. ನಂಬರ್ 38. ಕಪ್ಪಾದ ಉಗುರು ಬೆಳೆದು ಹೊಸದು ಬರಲು ವರ್ಷವೇ ಹಿಡಿಯಿತು. ಈ ಸಲ ರಜೆಗೆ ಊರಿಗೆ ಬಂದಾಗ ಬೂಟನ್ನು ಜಗಲಿಯಲ್ಲಿ ಬಿಚ್ಚಿಟ್ಟು ಅಂಗಳಕ್ಕೆ ಬರಿಗಾಲಲ್ಲಿ ಇಳಿದಳು. ಆಮೇಲೆ ಒಳಗಿನಿಂದ ಕಾಗದ ಪೆನ್ಸಿಲ್ ತಂದು ತಾಯಿಯ ಪಾದ ಅಳೆಯಲು ಕುಳಿತಳು.